‘ಸೆಟ್ಲ್ ಆಯ್ತು’ ಅಂದುಕೊಂಡಿದ್ದ ಸಾಲ

ರಿಪ್ಪನ್‌ಪೇಟೆಯಲ್ಲಿ ನಮ್ಮದೊಂದು ಶಾಮಿಯಾನ ಅಂಗಡಿ ಇದೆ. ಕುರ್ಚಿ, ಟೇಬಲ್ಲು, ದೊಡ್ಡ ಪಾತ್ರೆ, ಗ್ಯಾಸ್ ಒಲೆ ಎಲ್ಲ ಬಾಡಿಗೆಗೆ ಕೊಡುತ್ತೇವೆ. ಹುಂಚದ ಕಡೆಯಿಂದ ಆಯನೂರಿನ ತನಕ ಮದುವೆ, ಗೃಹಪ್ರವೇಶ, ತಿಥಿ ಏನೇ ಇದ್ದರೂ ನಮ್ಮ ಗಾಡಿ ಹೋಗುತ್ತದೆ. ಅಂಗಡಿ ನನ್ನ ಹೆಸರಲ್ಲಿದೆ. ಅದಕ್ಕೆ ಮಾಡಿದ ಸಾಲವೂ ನನ್ನ ಹೆಸರಲ್ಲೇ ಇತ್ತು.

2024ರ ಜೂನ್‌ನಲ್ಲಿ ಮಗನಿಗೆ ಸಿಇಟಿ ರ್ಯಾಂಕ್ ಬಂತು. ಎಂಜಿನಿಯರಿಂಗ್ ಸೀಟು ಸಿಗುತ್ತದೆ ಅಂತ ಧೈರ್ಯ ಬಂದ ಮೇಲೆ ಬ್ಯಾಂಕಿಗೆ ಹೋದೆ. ಶಿಕ್ಷಣ ಸಾಲಕ್ಕೆ ಮಗನ ಜೊತೆ ಅಪ್ಪನೋ ಅಮ್ಮನೋ ಸಹಿ ಹಾಕಬೇಕು. ನಮ್ಮನೆಯವರ ಹತ್ತಿರ ಆದಾಯದ ಕಾಗದ ಯಾವುದೂ ಇಲ್ಲ. ತೋಟ ಇನ್ನೂ ಮಾವನ ಹೆಸರಲ್ಲೇ ಇದೆ. ಹಾಗಾಗಿ ನನ್ನ ಪ್ಯಾನ್ ಕಾರ್ಡ್ ಕೊಟ್ಟೆ. ಮ್ಯಾನೇಜರ್ ಕಂಪ್ಯೂಟರ್ ನೋಡಿದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅಮ್ಮ, ನಿಮ್ಮ ಸಿಬಿಲ್ 548 ಬರ್ತಾ ಇದೆ. ಒಂದು ಸಾಲ ರೈಟ್ ಆಫ್ ಆಗಿದೆ, ಒಂದು ಸೆಟಲ್ಡ್ ಅಂತ ಇದೆ. ಇದನ್ನ ಸರಿ ಮಾಡಿಸ್ಕೊಂಡು ಬನ್ನಿ" ಅಂದರು.

ಸಿಬಿಲ್ ಅಂದರೆ ನಾವು ಸಾಲ ಕಟ್ಟಿದ ರೀತಿ ನೋಡಿ ಕೊಡುವ ಅಂಕ, ನನ್ನದು ಕಡಿಮೆ ಇತ್ತು. ಉಳಿದದ್ದು ನನಗೆ ಅರ್ಥವೇ ಆಗಲಿಲ್ಲ. ರೈಟ್ ಆಫ್ ಅಂದರೆ ಮನ್ನಾ ಅಲ್ವಾ? ಸೆಟ್ಲ್ ಅಂದರೆ ಮುಗಿದ ಹಾಗೆ ಅಲ್ವಾ? ನಮ್ಮ ಕಡೆ ಮಗಳಿಗೆ ಮದುವೆಯಾಗಿ ಒಳ್ಳೆ ಮನೆ ಸೇರಿದರೆ ಸೆಟ್ಲ್ ಆದಳು ಅಂತೀವಿ. ಜಾಗದ ಜಗಳ ರಾಜಿಯಾದರೆ ಸೆಟ್ಲ್ ಆಯ್ತು ಅಂತೀವಿ. ಮೂರು ವರ್ಷ ನಾನು ನೆಮ್ಮದಿಯಿಂದ ಇದ್ದದ್ದೇ ಆ ಒಂದು ಪದ ನಂಬಿಕೊಂಡು. ಅದೇ ಪದ ಈಗ ಮಗನ ಫೀಸಿಗೆ ಅಡ್ಡ ನಿಂತಿತ್ತು.

ಹಿಂದಿನ ಕತೆ ಸ್ವಲ್ಪ ಹೇಳಬೇಕು. 2018ರ ಜೂನ್‌ನಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ 2 ಲಕ್ಷ ರೂಪಾಯಿ ತಗೊಂಡಿದ್ದೆ. 300 ಕುರ್ಚಿ, ಹೊಸ ಬಟ್ಟೆ, ಪೈಪು ತರಲಿಕ್ಕೆ. ಬಡ್ಡಿ ಶೇಕಡಾ 18. ಮೂರು ವರ್ಷ, ತಿಂಗಳಿಗೆ 7,230 ರೂಪಾಯಿ ಕಂತು. 2020ರ ಫೆಬ್ರವರಿ ತನಕ 20 ಕಂತು ಒಂದು ದಿನವೂ ತಪ್ಪದೆ ಕಟ್ಟಿದೆ. ಮಾರ್ಚ್‌ನಲ್ಲಿ ಎಲ್ಲ ನಿಂತಿತು. ಏಪ್ರಿಲ್, ಮೇ ತಿಂಗಳ ಮದುವೆಗಳೇ ನಮಗೆ ಅರ್ಧ ವರ್ಷದ ಅನ್ನ. ಆ ವರ್ಷ ಕುರ್ಚಿಗಳು ಅಂಗಡಿಯಲ್ಲೇ ಧೂಳು ಹಿಡಿದು ಕೂತವು. ಕೊಟ್ಟ ಮುಂಗಡವನ್ನೂ ಜನ ವಾಪಸ್ ಕೇಳಿದರು. ಅವರ ಕಷ್ಟವೂ ನಮ್ಮ ಕಷ್ಟದ ಹಾಗೇ ಇತ್ತು, ಕೊಟ್ಟೆವು.

ಆಗ ಫೋನಿಗೆ ಮೆಸೇಜ್ ಬಂತು. ಮೊರಟೋರಿಯಂ ಬೇಕಾ ಅಂತ. ಬೇಕು ಅಂತ ಒತ್ತಿದೆ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 1ರಿಂದ ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರ ತನಕ ಕಂತಿಗೆ ವಿರಾಮ ಕೊಡಲು ಅವಕಾಶ ಮಾಡಿತ್ತು. ಅದು ವಿರಾಮ ಮಾತ್ರ, ಬಡ್ಡಿ ಓಡುತ್ತಲೇ ಇರುತ್ತದೆ ಅಂತ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಸೆಪ್ಟೆಂಬರ್‌ಗೆ ಕಂತು ಮತ್ತೆ ಶುರುವಾದಾಗ ಕೈಯಲ್ಲಿ ದುಡ್ಡಿರಲಿಲ್ಲ. 90 ದಿನ ಬಾಕಿ ಬಿದ್ದರೆ ಅದು ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ನಮ್ಮದೂ ಆಯಿತು.

2021ರಲ್ಲಿ ರಿಕವರಿಯವರು ಫೋನ್ ಮಾಡಲು ಶುರು ಮಾಡಿದರು. ಬೆಳಿಗ್ಗೆ 6 ಗಂಟೆಗೆ, ರಾತ್ರಿ 10 ಗಂಟೆಗೆ. ನನಗೆ ಮಾಡಿದ್ದನ್ನು ತಡೆದುಕೊಂಡೆ. ಆದರೆ ಒಂದು ದಿನ, ನಮ್ಮಿಂದ ಕುರ್ಚಿ ತಗೊಳ್ಳುವ ಒಬ್ಬ ಗಿರಾಕಿಗೇ ಫೋನ್ ಮಾಡಿ ನನ್ನ ಸಾಲದ ವಿಷಯ ಹೇಳಿದರು. ನಮ್ಮ ಕಡೆ ಒಂದು ಮನೆಗೂ ಇನ್ನೊಂದಕ್ಕೂ ಮಧ್ಯೆ ಗುಡ್ಡ, ತೋಟ, ಹಳ್ಳ ಇರುತ್ತದೆ. ಸುದ್ದಿ ಮಾತ್ರ ಸಂಜೆಯೊಳಗೆ ಎಲ್ಲಾ ಮನೆ ಮುಟ್ಟುತ್ತದೆ. ವಾರಗಟ್ಟಲೆ ನಾನು ಅಂಗಡಿಗೆ ಹೋಗಲಿಲ್ಲ. ಆ ನೋವು ಈಗಲೂ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ.

ಆ ಭಯದಲ್ಲೇ ಎರಡು ಕೆಲಸ ಮಾಡಿದೆ. ಮನೆ ಬಾಗಿಲಿಗೆ ಬಂದ ಒಬ್ಬರಿಗೆ 4,000 ರೂಪಾಯಿ ಕೈಗೆ ಕೊಟ್ಟೆ. ರಸೀದಿ ನಾಳೆ ಕಳಿಸ್ತೀನಿ ಅಂದರು. ಇವತ್ತಿನ ತನಕ ಬಂದಿಲ್ಲ, ಆ ದುಡ್ಡು ಯಾವ ಲೆಕ್ಕದಲ್ಲೂ ಇಲ್ಲ. ಇನ್ನೊಂದು, ಕ್ರೆಡಿಟ್ ಕಾರ್ಡಿನದ್ದು. ಅದರಲ್ಲಿ 21,600 ಬಾಕಿ ಇತ್ತು. 9,000 ಕಟ್ಟಿ ಸೆಟ್ಲ್ ಮಾಡ್ಕೊಳ್ಳಿ, ಮುಗೀತು ಅಂದರು. ಕಟ್ಟಿದೆ. ಇದಕ್ಕೆ ರಸೀದಿಯೂ ಬಂತು. ಮುಗೀತು ಅಂತ ದೇವರಿಗೆ ದೀಪ ಹಚ್ಚಿದೆ. 2022ರ ಹೊತ್ತಿಗೆ ಫೈನಾನ್ಸಿನವರ ಫೋನೂ ನಿಂತಿತು. ಅದೂ ಮನ್ನಾ ಆಗಿರಬೇಕು ಅಂದುಕೊಂಡೆವು.

ಬ್ಯಾಂಕಿನಿಂದ ಬಂದ ದಿನ ರಾತ್ರಿ ಮಗ ನನ್ನ ರಿಪೋರ್ಟ್ ತೆಗೆಯಲು ಕೂತ. ಸಿಬಿಲ್ ಅಂತ ಎಲ್ಲರೂ ಹೇಳುತ್ತೇವೆ, ಆದರೆ ನಮ್ಮ ದೇಶದಲ್ಲಿ ಜನರ ಸಾಲದ ಲೆಕ್ಕ ಇಟ್ಟು ಅಂಕ ಕೊಡುವ ಇಂಥ ಸಂಸ್ಥೆ ನಾಲ್ಕಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. 2017ರಿಂದ ಈ ನಿಯಮ ಇದೆ. ದುಡ್ಡು ಕೊಟ್ಟು ತೆಗೆಯುವ ಅಗತ್ಯ ಇಲ್ಲ. ನಮಗೆ ಕಷ್ಟ ಆದದ್ದು ಓಟಿಪಿ. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಓಟಿಪಿ ಬರುವಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತದೆ. ಮಾರನೇ ದಿನ ಕೊಡೆ ಹಿಡಿದು ಮನೆ ಹಿಂದಿನ ಗುಡ್ಡ ಹತ್ತಿ, ಅಲ್ಲಿ ನಿಂತು ನಾಲ್ಕೂ ರಿಪೋರ್ಟ್ ಇಳಿಸಿಕೊಂಡೆವು.

ಒಂದೊಂದೂ ಹತ್ತಾರು ಪುಟ. ಮೊದಲ ದಿನ ನೋಡಿ ಮಡಚಿಟ್ಟೆ. ಎರಡನೇ ದಿನ ಪ್ರಿಂಟ್ ತೆಗೆಸಿ, ಪೆನ್ನು ಹಿಡಿದು, ಸಾಲು ಸಾಲು ಓದಿದೆ. ಪ್ರತಿ ಸಾಲದ ಕೆಳಗೆ ತಿಂಗಳ ಚೌಕಗಳಿರುತ್ತವೆ, 36 ತಿಂಗಳದ್ದು. ಆ ತಿಂಗಳು ಕಂತು ಎಷ್ಟು ದಿನ ತಡವಾಗಿತ್ತು ಅಂತ ಅದರೊಳಗೆ ಬರೆದಿರುತ್ತದೆ. ಡಿಪಿಡಿ ಅನ್ನುತ್ತಾರೆ. 000 ಇದ್ದರೆ ತಡ ಇಲ್ಲ. 030, 060 ಅಂದರೆ ಅಷ್ಟು ದಿನ ಬಾಕಿ.

ಓದುತ್ತಾ ಹೋದ ಹಾಗೆ ನನಗೆ ಸಿಟ್ಟು ಬಂತು. ನನ್ನ ತಪ್ಪು ಅಲ್ಲಿ ಇತ್ತು, ಅದನ್ನು ಒಪ್ಪುತ್ತೇನೆ. ಆದರೆ ನನ್ನದಲ್ಲದ್ದೂ ಇತ್ತು. ನಾಲ್ಕರಲ್ಲಿ ಒಂದು ರಿಪೋರ್ಟಿನಲ್ಲಿ ಟ್ರ್ಯಾಕ್ಟರ್ ಸಾಲ ಇತ್ತು. ನನ್ನದೇ ಹೆಸರು, ಬೇರೆ ಜಿಲ್ಲೆಯ ವಿಳಾಸ. ನಾನು ಟ್ರ್ಯಾಕ್ಟರ್ ತಗೊಂಡಿಲ್ಲ, ಆ ಊರನ್ನೂ ನೋಡಿಲ್ಲ. ಇನ್ನೊಂದು, ನನ್ನ ಫೈನಾನ್ಸ್ ಸಾಲ ಎರಡು ಸಲ ಇತ್ತು. ಹಳೆ ಕಂಪನಿಯ ಹೆಸರಲ್ಲಿ ಒಂದು, ನಾನು ಕೇಳೇ ಇರದ, ಕೆಟ್ಟ ಸಾಲ ಕೊಂಡು ವಸೂಲಿ ಮಾಡುವ ಒಂದು ಅಸೆಟ್ ರೀಕನ್‌ಸ್ಟ್ರಕ್ಷನ್ ಕಂಪನಿಯ ಹೆಸರಲ್ಲಿ ಒಂದು. ಎರಡರಲ್ಲೂ ಬಾಕಿ ತೋರಿಸುತ್ತಿತ್ತು. ಒಂದೇ ಸಾಲಕ್ಕೆ ನಾನು ಇಬ್ಬರಿಗೆ ಬಾಕಿದಾರಳಾಗಿದ್ದೆ. ಇಷ್ಟು ಸಾಲದು ಅಂತ, ಹಳೆ ಕಂಪನಿಯ ಚೌಕಗಳಲ್ಲಿ 2020ರ ಏಪ್ರಿಲ್‌ನಿಂದ ಆಗಸ್ಟ್ ತನಕ 030, 060, 090 ಅಂತ ಏರುತ್ತಾ ಹೋಗಿತ್ತು. ಅದು ಅವರೇ ಒಪ್ಪಿ ಕೊಟ್ಟ ವಿರಾಮದ ಕಾಲ!

ನಮ್ಮ ತವರಿನ ಕಡೆಯ ಒಬ್ಬ ವಕೀಲರು ಹೊಸನಗರದಲ್ಲಿದ್ದಾರೆ. ಪ್ರಿಂಟುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಅವರ ಹತ್ತಿರ ಹೋದೆ. ಅವತ್ತು ಅವರು ಒಂದೂವರೆ ಗಂಟೆ ಕೂರಿಸಿ ಹೇಳಿಕೊಟ್ಟದ್ದು ನನಗೆ ಈ ಇಡೀ ದಾರಿಯಲ್ಲಿ ದೀಪದ ಹಾಗೆ ಇತ್ತು.

ರೈಟ್ ಆಫ್ ಅಂದರೆ ಮನ್ನಾ ಅಲ್ಲ ಅಂದರು. ಕಂಪನಿ ತನ್ನ ಲೆಕ್ಕದ ಪುಸ್ತಕದಿಂದ ತೆಗೆದಿರುತ್ತದೆ, ನಮ್ಮ ತಲೆ ಮೇಲಿಂದ ಅಲ್ಲ. ವಸೂಲಿ ಮಾಡುವ ಹಕ್ಕು ಹಾಗೇ ಇರುತ್ತದೆ. ಅದನ್ನು ಬೇರೆಯವರಿಗೆ ಮಾರಲೂಬಹುದು. ನನ್ನ ಸಾಲವನ್ನು 2022ರ ಮಾರ್ಚ್‌ನಲ್ಲಿ ಮಾರಿದ್ದರು. ಸೆಟಲ್ಡ್ ಅಂದರೆ, ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟು ಮುಗಿಸಿದ್ದಾರೆ ಅಂತ. ಮುಂದೆ ಸಾಲ ಕೊಡುವವನಿಗೆ ಅದು, ಈ ಮನುಷ್ಯ ಪೂರ್ತಿ ಕೊಡಲಿಲ್ಲ ಅನ್ನುವ ಗುರುತು. ಬೇಕಾದ ಪದ ಒಂದೇ. ಕ್ಲೋಸ್ಡ್.

ಇನ್ನೊಂದು ಪ್ರಶ್ನೆ ಕೇಳಿದೆ. ಮೂರು ವರ್ಷ ಆದರೆ ಸಾಲ ಬಿದ್ದುಹೋಗುತ್ತದೆ ಅಂತ ಜನ ಹೇಳ್ತಾರಲ್ಲ? ಅವರು ನಿಧಾನವಾಗಿ ಬಿಡಿಸಿದರು. ಮೂರು ವರ್ಷದ ಕಾಲಮಿತಿ ಕೋರ್ಟಿನಲ್ಲಿ ದಾವೆ ಹಾಕುವುದಕ್ಕೆ. ರಿಪೋರ್ಟಿಗೂ ಅದಕ್ಕೂ ಸಂಬಂಧ ಇಲ್ಲ. ರಿಪೋರ್ಟ್ ಇಟ್ಟುಕೊಳ್ಳುವ ಸಂಸ್ಥೆಗಳು ಕಡಿಮೆಯೆಂದರೂ ಏಳು ವರ್ಷ ಮಾಹಿತಿ ಇಡಬೇಕು. ಅದೂ ಅಲ್ಲದೆ ಕೋವಿಡ್ ಕಾಲದ ದಿನಗಳನ್ನು, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರ ತನಕ, ಸುಪ್ರೀಂ ಕೋರ್ಟ್ ಕಾಲಮಿತಿಯ ಲೆಕ್ಕದಿಂದಲೇ ಬಿಟ್ಟಿದೆ. ಹಾಗಾಗಿ ನನ್ನ ಸಾಲಕ್ಕೆ ಇನ್ನೂ ದಾವೆಯ ಜೀವ ಇತ್ತು. ಅವಧಿ ಮುಗಿಯುವ ಮೊದಲು ಸ್ವಲ್ಪ ದುಡ್ಡು ಕಟ್ಟಿದರೂ, ಸಾಲ ಇದೆ ಅಂತ ಬರೆದುಕೊಟ್ಟರೂ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ. "ಕಟ್ಟೋದಾದ್ರೆ ಮುಗಿಸೋ ಹಾಗೆ ಕಟ್ಟು. ಸುಮ್ನೆ ಸಾವಿರ, ಎರಡು ಸಾವಿರ ಕೊಟ್ಟು ಎಳೀಬೇಡ" ಅಂದರು.

ಮೊದಲು ನನ್ನದಲ್ಲದ್ದನ್ನು ತೆಗೆಸಲು ಕೂತೆ. ಇದಕ್ಕೆ ಯಾರ ಜೊತೆಯೂ ಚೌಕಾಸಿ ಬೇಕಿಲ್ಲ, ದುಡ್ಡೂ ಬೇಕಿಲ್ಲ. ರಿಪೋರ್ಟಿನ ಮೇಲೆ ಒಂದು ಕಂಟ್ರೋಲ್ ನಂಬರ್ ಇರುತ್ತದೆ. ಅದನ್ನು ಹಾಕಿ ಆ ಸಂಸ್ಥೆಯ ವೆಬ್‌ಸೈಟಿನಲ್ಲೇ ತಕರಾರು ಸಲ್ಲಿಸಬಹುದು. ಟ್ರ್ಯಾಕ್ಟರ್ ಸಾಲಕ್ಕೆ, ಈ ಖಾತೆ ನನ್ನದಲ್ಲ ಅಂತ ಹಾಕಿದೆವು. 26ನೇ ದಿನಕ್ಕೆ ಹೋಯಿತು. ಇದೇ ಕೆಲಸಕ್ಕೆ ಶಿವಮೊಗ್ಗದಲ್ಲಿ ಸಿಬಿಲ್ ರಿಪೇರಿ ಮಾಡ್ತೀವಿ ಅನ್ನುವ ಒಬ್ಬರು ನನ್ನಿಂದ 8,000 ಕೇಳಿದ್ದರು. ಎಲ್ಲಾ ಖಾತೆಗಳನ್ನೂ ಅಳಿಸಿಕೊಡ್ತೀವಿ ಅಂದಿದ್ದರು. ಅಷ್ಟು ದುಡ್ಡು ಕೊಟ್ಟು ಮೋಸ ಹೋದ ಇಬ್ಬರು ಹೆಂಗಸರು ನನಗೆ ಗೊತ್ತು. ಅವರಿಗಾಗಿಯೇ ಇದನ್ನೆಲ್ಲ ಬರೆಯಲು ಕೂತದ್ದು.

ಹಳೆ ಕಂಪನಿಯದ್ದು ಅಷ್ಟು ಸುಲಭ ಆಗಲಿಲ್ಲ. ಅದರ ಮೇಲೆ ಎರಡು ತಕರಾರು ಹಾಕಿದೆ. ಸಾಲ ಮಾರಿದ ಮೇಲೆ ನಿಮ್ಮ ಕಡೆ ಬಾಕಿ ತೋರಿಸಬಾರದು ಅಂತ ಒಂದು. ವಿರಾಮದ ತಿಂಗಳುಗಳನ್ನು ತಡ ಅಂತ ಎಣಿಸಬಾರದು ಅಂತ ಇನ್ನೊಂದು. 30 ದಿನ ಆದರೂ ಉತ್ತರ ಇಲ್ಲ. 31ನೇ ದಿನ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಬರೆದೆವು. ಇನ್ನು ರಿಸರ್ವ್ ಬ್ಯಾಂಕಿನಲ್ಲಿ ಜನರ ದೂರು ಕೇಳುವ ಓಂಬುಡ್ಸ್‌ಮನ್‌ಗೆ ದೂರು ಕೊಡುತ್ತೇವೆ ಅಂತ ಸ್ಪಷ್ಟವಾಗಿ ಹಾಕಿದೆವು. 2021ರ ನವೆಂಬರ್‌ನಲ್ಲಿ ಬಂದ ಯೋಜನೆ ಅದು. ದೂರು ಕೊಡಲು ಶುಲ್ಕ ಇಲ್ಲ. ಆದರೆ ಮೊದಲು ಕಂಪನಿಗೆ ಬರೆದು 30 ದಿನ ಕಾಯಬೇಕು. 47ನೇ ದಿನ ಎರಡೂ ಸರಿಯಾದವು. ಬಾಕಿ ಸೊನ್ನೆ ಆಯಿತು, 2020ರ ಆ ಐದು ಚೌಕಗಳಲ್ಲಿ 000 ಬಂತು.

ಕೆಲವು ದಿನ ಬಿಟ್ಟು ನನ್ನ ಖಾತೆಗೆ 1,700 ರೂಪಾಯಿ ಜಮಾ ಆಯಿತು. ತಕರಾರು 30 ದಿನದಲ್ಲಿ ಮುಗಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ. 2024ರ ಏಪ್ರಿಲ್ 26ರಿಂದ ಜಾರಿಗೆ ಬಂದಿದೆ. 17 ದಿನಕ್ಕೆ 1,700. ಸಣ್ಣ ದುಡ್ಡು. ಆದರೆ ಅವತ್ತು ನಾನು ಅತ್ತೆ. ಇಷ್ಟು ವರ್ಷ ಇವರ ಮುಂದೆ ತಲೆ ತಗ್ಗಿಸಿಯೇ ನಿಂತಿದ್ದವಳು ನಾನು. ಮೊದಲ ಸಲ ಅವರ ಕಡೆಯಿಂದ ನನಗೆ ಬರಬೇಕಾದ್ದು ಬಂದಿತ್ತು.

ಇನ್ನು ನಿಜವಾದ ಸಾಲ. ಅದನ್ನು ಕೊಂಡ ಕಂಪನಿಗೆ ನಾನೇ ಇಮೇಲ್ ಹಾಕಿ ಲೆಕ್ಕ ಕೇಳಿದೆ. ಎರಡೇ ದಿನಕ್ಕೆ ರಿಕವರಿಯವರ ಫೋನ್ ಬಂತು. ಬೆಂಗಳೂರಿನಿಂದ, ಕನ್ನಡ ಮಾತಾಡುವ ಹುಡುಗ. "2,18,400 ಇದೆ ಮೇಡಂ. ನೀವು ಈ ತಿಂಗಳ ಕೊನೆಯೊಳಗೆ 65,000 ಕಟ್ಟಿ ಸಾಕು. ಸಿಬಿಲ್‌ನಿಂದಾನೇ ಡಿಲೀಟ್ ಮಾಡಿಸಿಕೊಡ್ತೀನಿ" ಅಂದ.

65 ಸಾವಿರ! ಕೇಳಿದ ಕೂಡಲೇ ಮನಸ್ಸು ಹಗುರ ಆಯಿತು. ನಮ್ಮನೆಯವರಂತೂ ಹೇಗಾದರೂ ಮಾಡಿ ಕಟ್ಟಿಬಿಡೋಣ ಅಂದರು. ಆದರೆ ಆ 4,000 ರೂಪಾಯಿ ನನಗೆ ಮರೆತಿರಲಿಲ್ಲ. "ಡಿಲೀಟ್ ಮಾಡ್ತೀವಿ ಅಂತ ಕಂಪನಿ ಲೆಟರ್‌ಹೆಡ್‌ನಲ್ಲಿ ಬರೆದು ಕಳಿಸಿ. ಕಾಗದ ಬಂದ ದಿನವೇ ಕಟ್ತೀನಿ" ಅಂದೆ. ಅವನು ಆ ಮಾತಿಗೆ ಬರಲೇ ಇಲ್ಲ. ಮತ್ತೆ ಮತ್ತೆ ತಿಂಗಳ ಕೊನೆ, ತಿಂಗಳ ಕೊನೆ ಅನ್ನುತ್ತಿದ್ದ. ಮೂರು ದಿನ ಬಿಟ್ಟು ಬಂದ ಕಾಗದದಲ್ಲಿ ಡಿಲೀಟ್ ಅನ್ನುವ ಪದವೇ ಇರಲಿಲ್ಲ. ಸೆಟ್ಲ್‌ಮೆಂಟ್ ಅಂತ ಇತ್ತು. ಅಂದರೆ 65,000 ಕೊಟ್ಟ ಮೇಲೂ ನನ್ನ ಹೆಸರಿನ ಮುಂದೆ ಅದೇ ಗುರುತು ಉಳಿಯುತ್ತಿತ್ತು.

ವಕೀಲರು ಹೇಳಿದ್ದು ಇದನ್ನೇ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ ಪ್ರಕಾರ ಸಾಲ ಕೊಟ್ಟವರು ನಡೆದದ್ದನ್ನು ನಡೆದ ಹಾಗೆ ತಿಳಿಸಬೇಕು. ನಿಜವಾಗಿ ಇದ್ದ ಸಾಲವನ್ನು ದುಡ್ಡು ತಗೊಂಡು ಅಳಿಸುವ ಅಧಿಕಾರ ರಿಕವರಿ ಹುಡುಗನಿಗಿಲ್ಲ. ಸುಳ್ಳು ಇದ್ದರೆ ಪುಕ್ಕಟೆ ಹೋಗುತ್ತದೆ. ನಿಜ ಇದ್ದರೆ ಸ್ಥಿತಿ ಮಾತ್ರ ಬದಲಾಗುತ್ತದೆ. ನಾನು ಚೌಕಾಸಿ ಮಾಡಬೇಕಾದದ್ದು ಆ ಸ್ಥಿತಿಯ ಬಗ್ಗೆ.

ಒಂದು ಸಂಜೆ ಎಂಟೂವರೆಗೆ ಫೋನ್ ಬಂತು. ನಾನು ಜೋರು ಮಾಡಲಿಲ್ಲ. "ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಹೇಳಿದೆ. ನಿಮ್ಮ ಅಧಿಕಾರ ಪತ್ರ ಇಮೇಲ್ ಮಾಡಿ, ನಾಳೆ ಹತ್ತು ಗಂಟೆಗೆ ಮಾತಾಡೋಣ" ಅಂದೆ. ಕೈ ನಡುಗುತ್ತಿತ್ತು, ಧ್ವನಿ ನಡುಗಲಿಲ್ಲ. ಮಾರನೇ ದಿನ ಹತ್ತಕ್ಕೇ ಫೋನ್ ಬಂತು. ಅವತ್ತಿನಿಂದ ಅವನ ಮಾತೂ ಮೆತ್ತಗಾಯಿತು. ಅವನಿಗೂ ತಿಂಗಳ ಟಾರ್ಗೆಟ್ ಇರುತ್ತದೆ, ಅವನೂ ಯಾರದೋ ಮನೆಯ ಮಗ. ಮಾತಾಡುತ್ತಾ ಮಾತಾಡುತ್ತಾ ಅವನಿಂದ ನನಗೆ ಸಹಾಯವೂ ಆಯಿತು.

ಲೆಕ್ಕದ ಕಾಗದ ಬಂತು. ಅಸಲು 1,02,170. ಬಡ್ಡಿ 77,830. ಉಳಿದ 38,400 ದಂಡ, ಚೆಕ್ ಬೌನ್ಸ್, ಮನೆಗೆ ಬಂದ ಖರ್ಚು ಅಂತೆಲ್ಲ. ಅದರಲ್ಲಿ 9,300 ರೂಪಾಯಿ ವಿರಾಮದ ತಿಂಗಳುಗಳಲ್ಲೇ ಹಾಕಿದ್ದು. ಆ ಆರು ತಿಂಗಳಿಗೆ ಚಕ್ರಬಡ್ಡಿಯಾಗಲಿ, ದಂಡದ ಬಡ್ಡಿಯಾಗಲಿ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಮಾರ್ಚ್ 23ರಂದು ತೀರ್ಪು ಕೊಟ್ಟಿದೆ. ಅದನ್ನು ಬರೆದು ಕಳಿಸಿದೆವು. ಆ 9,300 ಕೂಡಲೇ ಹೋಯಿತು. ಆಮೇಲೆ ಒಂದೊಂದೇ ಸಾಲು ಹಿಡಿದು ಕೇಳಿದೆ. ಈ ದಿನ ಮನೆಗೆ ಬಂದವರು ಯಾರು? ಈ ಖರ್ಚಿಗೆ ಒಪ್ಪಂದದಲ್ಲಿ ಎಲ್ಲಿ ಇದೆ? ಉತ್ತರ ಇಲ್ಲದ್ದನ್ನೆಲ್ಲ ಬಿಟ್ಟರು. ಕೊನೆಗೆ ಪೂರ್ತಿ 38,400 ತೆಗೆದರು.

ಬಡ್ಡಿಯ ಮೇಲೆ ಒಂದು ತಿಂಗಳು ಎಳೆದಾಟ ಆಯಿತು. ನಾನು ಒಂದೇ ಮಾತು ಹಿಡಿದೆ. ಅಸಲು ಒಂದು ಪೈಸೆ ಬಿಡಬೇಡಿ, ಪೂರ್ತಿ ಕೊಡುತ್ತೇನೆ. ಬಡ್ಡಿಯಲ್ಲಿ ಅರ್ಧ ಕೊಡುತ್ತೇನೆ. ಆದರೆ ಕ್ಲೋಸ್ಡ್ ಅಂತ ಹಾಕಬೇಕು. ಕೊನೆಗೆ 1,41,000ಕ್ಕೆ ಒಪ್ಪಿದರು. ಎಲ್ಲಾ ಕಂಪನಿಯವರೂ ಹೀಗೆ ಒಪ್ಪುವುದಿಲ್ಲ. ಒಂದು ರೂಪಾಯಿ ಬಿಟ್ಟರೂ ಸೆಟಲ್ಡ್ ಅಂತಲೇ ಹಾಕುವವರು ಜಾಸ್ತಿ. ನನಗೆ ಒಪ್ಪಿದ್ದು, ಅಸಲು ಪೂರ್ತಿ ಸಿಗುತ್ತದೆ ಅನ್ನುವುದಕ್ಕೆ, ಮತ್ತೆ ಅವರ ಲೆಕ್ಕದಲ್ಲೇ ತಪ್ಪು ಸಿಕ್ಕಿದ್ದಕ್ಕೆ ಅಂತ ನನ್ನ ಅನಿಸಿಕೆ. 65 ಸಾವಿರದಲ್ಲಿ ಮುಗಿಯುತ್ತಿದ್ದುದಕ್ಕೆ ಎರಡರಷ್ಟು ಯಾಕೆ ಕೊಡ್ತೀಯ ಅಂತ ನನ್ನ ತಮ್ಮ ಬೈದ. ಮಗನ ನಾಲ್ಕು ವರ್ಷದ ಓದು ಕಣ್ಣ ಮುಂದಿತ್ತು. ಅಲ್ಲದೆ ನಾನು ತಗೊಂಡ ದುಡ್ಡು ಅದು. ಆ ಕುರ್ಚಿಗಳು ಈಗಲೂ ನನಗೆ ಅನ್ನ ಕೊಡುತ್ತಿವೆ.

ಆಮೇಲೆ ಕಂತಿನ ಮಾತು. ಒಂದೇ ಸಲ 30 ದಿನದಲ್ಲಿ ಕಟ್ಟಿ ಅಂದರು. ನಮ್ಮಲ್ಲಿ ದುಡ್ಡು ಬರುವುದು ಅಡಿಕೆ ಕೊಯ್ಲಿನ ಮೇಲೆ. "ಸೆಪ್ಟೆಂಬರ್‌ನಲ್ಲಿ ಅಡಿಕೆ ಇನ್ನೂ ಮರದ ಮೇಲಿರುತ್ತೆ ಸಾರ್. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಮೇಲೆ ದುಡ್ಡು" ಅಂತ ಅವರ ಮೇಲಿನ ಅಧಿಕಾರಿಗೆ ಬಿಡಿಸಿ ಹೇಳಿದೆ. ಆ ಹುಡುಗನ ಅಜ್ಜನ ಮನೆ ತರೀಕೆರೆ ಕಡೆಯಂತೆ. ಅವನೇ ನನ್ನ ಪರವಾಗಿ ಮಾತಾಡಿದ. ಆಗಸ್ಟ್ ಕೊನೆಗೆ 41,000, ನವೆಂಬರ್ ಕೊನೆಗೆ 50,000, ಜನವರಿ ಕೊನೆಗೆ 50,000 ಅಂತ ಆಯಿತು.

ಕಾಗದವನ್ನು ಮೂರು ಸಲ ವಾಪಸ್ ಕಳಿಸಿದೆ. ಮೊದಲನೆಯದರಲ್ಲಿ ಮತ್ತೆ ಸೆಟ್ಲ್‌ಮೆಂಟ್ ಅಂತ ಇತ್ತು. ಎರಡನೆಯದರಲ್ಲಿ ಕಂತಿನ ತಾರೀಕು ಇರಲಿಲ್ಲ. ಮೂರನೆಯದರಲ್ಲಿ ಸಾಲದ ನಂಬರಿನ ಒಂದು ಅಂಕಿ ತಪ್ಪಿತ್ತು. ನಾಲ್ಕನೆಯದು ಸರಿ ಬಂತು. ಸಾಲದ ನಂಬರ್, ಒಟ್ಟು ಮೊತ್ತ, ತಾರೀಕುಗಳು, ದುಡ್ಡು ಹೋಗಬೇಕಾದ ಕಂಪನಿಯ ಖಾತೆ, ಪೂರ್ತಿ ಕಟ್ಟಿದ ಮೇಲೆ ಎಷ್ಟು ದಿನದಲ್ಲಿ ಬಾಕಿ ಇಲ್ಲ ಅನ್ನುವ ಪತ್ರ, ಅಂದರೆ ಎನ್‌ಓಸಿ ಕೊಡ್ತಾರೆ, ನಾಲ್ಕೂ ಸಂಸ್ಥೆಗಳಿಗೆ ಬಾಕಿ ಸೊನ್ನೆ, ಖಾತೆ ಕ್ಲೋಸ್ಡ್ ಅಂತ ತಿಳಿಸ್ತೀವಿ ಅನ್ನುವ ಮಾತು. ಇಷ್ಟು ಕಪ್ಪು ಬಿಳುಪಿನಲ್ಲಿ ಬಂದ ಮೇಲೆ ಮೊದಲ ಕಂತು ಕಟ್ಟಿದೆ. ಅದೂ ಯಾರದೋ ಫೋನ್ ನಂಬರಿಗಲ್ಲ, ಬ್ಯಾಂಕಿಗೆ ಹೋಗಿ ಕಂಪನಿಯ ಖಾತೆಗೆ. ಇದಕ್ಕೂ ಮಗನ ಮೊದಲ ವರ್ಷದ ಫೀಸಿಗೂ ನನ್ನ ಸರ, ಎರಡು ಬಳೆ ಸೊಸೈಟಿಯಲ್ಲಿ ಅಡ ಇಟ್ಟೆ.

ಆ ವರ್ಷ ಮಳೆ ಬಿಡಲಿಲ್ಲ. ಔಷಧಿ ಹೊಡೆಯಲು ಹೊಳವೇ ಸಿಗದೆ ತೋಟಕ್ಕೆ ಕೊಳೆ ಬಂತು. ನಮ್ಮದಿರುವುದೇ 30 ಗುಂಟೆ. ನವೆಂಬರ್ 25ಕ್ಕೆ ನನ್ನ ಹತ್ತಿರ 31,000 ಮಾತ್ರ ಇತ್ತು. ಒಂದು ಕಂತು ತಪ್ಪಿದರೂ ಒಪ್ಪಂದ ರದ್ದು ಅಂತ ಕಾಗದದಲ್ಲಿತ್ತು. ಆ ಐದು ದಿನ ನಿದ್ದೆ ಬರಲಿಲ್ಲ. ಡಿಸೆಂಬರ್‌ನ ಎರಡು ಮದುವೆಯವರ ಮನೆಗೆ ನಾನೇ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬಾಡಿಗೆ ಪೂರ್ತಿ ಮುಂಗಡ ಕೇಳಿದೆ. ಇಬ್ಬರೂ ಕೊಟ್ಟರು. ಅವರಲ್ಲಿ ಒಬ್ಬರು, 2021ರಲ್ಲಿ ರಿಕವರಿಯವರು ಫೋನ್ ಮಾಡಿದ್ದರಲ್ಲ, ಅದೇ ಗಿರಾಕಿ. 29ಕ್ಕೆ 50,000 ಕಟ್ಟಿದೆ.

ಈ ನಡುವೆ ಕ್ರೆಡಿಟ್ ಕಾರ್ಡಿನದ್ದೂ ಮುಗಿಸಿದೆ. 2021ರಲ್ಲಿ ಅವರು ಬಿಟ್ಟಿದ್ದ 12,600 ರೂಪಾಯಿ ಕಟ್ಟಿದರೆ ಸೆಟಲ್ಡ್ ತೆಗೆದು ಕ್ಲೋಸ್ಡ್ ಹಾಕ್ತೀರಾ ಅಂತ ಆ ಬ್ಯಾಂಕಿಗೆ ಬರೆದೆ. ಒಪ್ಪಿಗೆ ಇಮೇಲ್‌ನಲ್ಲಿ ಬಂತು, ಕಟ್ಟಿದೆ, ಎನ್‌ಓಸಿ ಬಂತು. ಎರಡು ವಾರದ ಕೆಲಸ. ಹಳೆ ಸೆಟ್ಲ್‌ಮೆಂಟನ್ನು ಹೀಗೆ ತಿರುಗಿ ಸರಿ ಮಾಡಬಹುದು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ.

2025ರ ಜನವರಿ 28ಕ್ಕೆ ಕೊನೆಯ ಕಂತು ಹೋಯಿತು. ಎನ್‌ಓಸಿ ಬರಲು ಮೂರು ವಾರ ಹಿಡಿಯಿತು. ಪ್ರತಿ ಸೋಮವಾರ ಇಮೇಲ್ ಹಾಕುತ್ತಿದ್ದೆ. 2025ರ ಜನವರಿಯಿಂದ ಸಾಲದ ಮಾಹಿತಿಯನ್ನು ತಿಂಗಳಿಗೊಮ್ಮೆ ಬದಲು 15 ದಿನಕ್ಕೊಮ್ಮೆ ಕಳಿಸಬೇಕು ಅಂತ ನಿಯಮ ಬಂದಿತ್ತು. ಮಾರ್ಚ್‌ನಲ್ಲಿ ಹೊಸ ವರ್ಷದ ಪುಕ್ಕಟೆ ರಿಪೋರ್ಟ್ ತೆಗೆದೆವು. ಗುಡ್ಡ ಹತ್ತಿ, ಈ ಸಲ ಬಿಸಿಲಲ್ಲಿ. ಎರಡೂ ಖಾತೆಯಲ್ಲಿ ಕ್ಲೋಸ್ಡ್ ಅಂತ ಇತ್ತು. ಬಾಕಿ ಸೊನ್ನೆ. ಒಂದು ಸಂಸ್ಥೆಯಲ್ಲಿ ಮಾತ್ರ ಇನ್ನೂ ಹಳೆಯದೇ ಇತ್ತು. ಅದಕ್ಕೆ ಎನ್‌ಓಸಿ ಸೇರಿಸಿ ತಕರಾರು ಹಾಕಿದೆವು, ಸರಿ ಹೋಯಿತು. ಖಾತೆಗಳು ಮಾಯವಾಗಲಿಲ್ಲ. 2020ರ ಸೆಪ್ಟೆಂಬರ್‌ನಿಂದಾಚೆಗಿನ ಚೌಕಗಳಲ್ಲಿ ತಡದ ಅಂಕಿಗಳು ಹಾಗೇ ಇವೆ. ಅವು ನಿಜ. ಇರಲಿ. ಸ್ಕೋರ್ 671ಕ್ಕೆ ಬಂದಿತ್ತು.

ಎರಡನೇ ವರ್ಷದ ಫೀಸಿಗೆ ಅದೇ ಮ್ಯಾನೇಜರ್ ಹತ್ತಿರ ಹೋದೆ. ಎರಡು ಎನ್‌ಓಸಿಯನ್ನೂ ಮೇಜಿನ ಮೇಲಿಟ್ಟೆ. ಅವರು ಅದನ್ನು ಓದಿ, ಕಂಪ್ಯೂಟರ್ ನೋಡಿ, "ಇಷ್ಟೆಲ್ಲ ಒಬ್ಬರೇ ಓಡಾಡಿದ್ರಾ?" ಅಂತ ಕೇಳಿದರು. ಆಗಸ್ಟ್‌ನಲ್ಲಿ ಸಾಲ ಮಂಜೂರಾಯಿತು. ಬಳೆ ಬಿಡಿಸಿಕೊಂಡೆ. ಸರ ಇನ್ನೂ ಸೊಸೈಟಿಯಲ್ಲಿದೆ, ಈ ಸಲದ ಕೊಯ್ಲಿಗೆ ಬರಬೇಕು.

ಅಕ್ಟೋಬರ್‌ನಲ್ಲಿ ಒಂದು ದಿನ ಶಾಮಿಯಾನದ ಬಟ್ಟೆ ಒಗೆದು ಹರವುತ್ತಿದ್ದೆ. ಹೊಸ ನಂಬರಿನಿಂದ ಫೋನ್ ಬಂತು. ಅದೇ ಹಳೆ ಸಾಲದ ನಂಬರ್ ಹೇಳಿ, ಇನ್ನೂ ಬಾಕಿ ಇದೆ, ಇವತ್ತೇ ಕಟ್ಟಬೇಕು ಅಂದರು. ಒಂದು ಕ್ಷಣ ಎದೆ ಧಸಕ್ಕೆಂದಿತು, ಹಳೆಯ ಅಭ್ಯಾಸ. ಕೈ ಒರೆಸಿಕೊಂಡು, ಫೋನಿನಲ್ಲೇ ಇಟ್ಟಿದ್ದ ಎನ್‌ಓಸಿ ತೆಗೆದು, ತಾರೀಕು ಮತ್ತು ನಂಬರ್ ಓದಿದೆ. ನಿಮ್ಮ ಇಮೇಲ್ ಹೇಳಿ, ಈಗಲೇ ಕಳಿಸ್ತೀನಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಸರಿ ಮೇಡಂ, ಲಿಸ್ಟಿನಿಂದ ತೆಗೆಸ್ತೀವಿ" ಅಂದು ಇಟ್ಟರು. ನಾನು ಮತ್ತೆ ಬಟ್ಟೆ ಹರವಲು ಹೋದೆ. ಮಾರನೇ ದಿನ ಹುಂಚದ ಕಡೆ ಗೃಹಪ್ರವೇಶ ಇತ್ತು, 200 ಕುರ್ಚಿ.